ಎತ್ತರಿಸಿದ ಜೀಪಿನ ಬಾಹುನಿರ್ಣಯ

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ: ಸ್ಪ್ರಿಂಗ್ ಬದಲಿಸಿ ಎರಡಿಂಚೋ ನಾಲ್ಕಿಂಚೋ ಎತ್ತರಿಸಿದ ಜೀಪಿಗೆ ಯಾವ ಕಂಟ್ರೋಲ್ ಆರ್ಮ್ ಮೊದಲು ಹಾಕಿಸಬೇಕು ಎಂಬುದು. ಪ್ರಯೋಜನ: ದುಡ್ಡು ಉಳಿಯುವುದು. ಸಂಬಂಧ: ಚಾಸಿಗೂ ಆಕ್ಸಲ್‌ಗೂ ಇರುವಂಥದ್ದು, ಅದು ಕೆಟ್ಟಾಗಲೇ ಈ ಗ್ರಂಥ ನೆನಪಾಗುವುದು. ಅಧಿಕಾರಿ: ಈಗಾಗಲೇ ಎತ್ತರಿಸಿ ಆದವನು. ಇನ್ನೂ ಎತ್ತರಿಸದವನು ಸುಖಿ, ಅವನು ಪುಟ ಮಗುಚಬಹುದು.

ಶಾಸ್ತ್ರ ಪ್ರವರ್ತಿಸುವ ದೇಶ ಆಂಧ್ರದ ಕರ್ನೂಲು ಸೀಮೆಯ ಪತ್ತಿಕೊಂಡ. ಗಾಡಿಯಾಗಲಿ ಮಣ್ಣಾಗಲಿ, ವರ್ಗ ವಿಂಗಡಿಸುವ ಹುಚ್ಚು ಈ ಸೀಮೆಗೆ ಹೊಸದಲ್ಲ. 1800ರಿಂದ 1807ರವರೆಗೆ ದತ್ತಮಂಡಲದ (ಬ್ರಿಟಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳ) ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಇಲ್ಲಿನ ಹೊಲಗಳನ್ನು ಅಳೆಸಿ, ಮಣ್ಣು ನೋಡಿ ತರಗತಿ ಕಟ್ಟಿಸಿದ. ಮುಂದೆ ಮದರಾಸಿನ ಗವರ್ನರಾಗಿ ಪ್ರವಾಸ ಬಂದವನು 1827ರ ಜುಲೈ 6ರಂದು ಇದೇ ಪತ್ತಿಕೊಂಡದಲ್ಲಿ ಕಾಲರಾ ಬಡಿದು ತೀರಿಕೊಂಡ. ಅವನ ತರಗತಿಗಳಲ್ಲಿ ನಮಗೆ ಎರಡೇ ಸಾಕು. ಒಂದು ಎರೆ, ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿ ಬಿಡದು. ಇನ್ನೊಂದು ಮಸಾರಿ, ಅದರಲ್ಲಿ ಕಲ್ಲುಂಟು. ತೊಲಕರಿ, ಅಂದರೆ ಮುಂಗಾರಿನ ಮೊದಲ ಮಳೆ, ಆದೊಡನೆ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಿಗೆ ವಜ್ರ ಹುಡುಕುವವರು ಬಳ್ಳಾರಿಯಿಂದಲೂ ಬರುತ್ತಾರೆ. ಎತ್ತರದ ಜೀಪಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗದು. ಬಿತ್ತಿದ ಹೊಲದೊಳಗೆ ಜೀಪು ಇಳಿಸಿದರೆ ರೈತ ಆಡುವ ಮಾತಿಗೆ ಮಾತ್ರ ಯಾವ ಆರ್ಮೂ ಪರಿಹಾರವಲ್ಲ.

ಇನ್ನು ವಿಭಾಗ. ಗಾಡಿಗಳು ಮೂರು ಜಾತಿ, ಜೊತೆಗೆ ಒಂದು ಸಂಕರ.

ನಿರ್ಬಾಹು: ಮಾರುತಿ ಜಿಪ್ಸಿ, ಹಳೆಯ ಎಂಎಂ 540. ಹಿಂದೆ ಮುಂದೆ ಎರಡೂ ಕಡೆ ಕಮಾನ್ ಪಟ್ಟಿ. ಭಾರ ಹೊರುವುದೂ ಅದೇ, ಆಕ್ಸಲ್ ಹಿಡಿದಿಡುವುದೂ ಅದೇ. ಇವುಗಳಿಗೆ ಆರ್ಮ್ ಕೇಳಿಕೊಂಡು ಅಂಗಡಿಗೆ ಹೋದವರನ್ನು ವ್ಯಾಪಾರಿ ಬರಿಗೈಯಲ್ಲಿ ಕಳಿಸುವುದಿಲ್ಲ, ಬೇರೇನಾದರೂ ಮಾರುತ್ತಾನೆ.

ಪೂರ್ಣಬಾಹು: ಜೀಪ್ ರ‍್ಯಾಂಗ್ಲರ್. ಮುಂದೆ ನಾಲ್ಕು, ಹಿಂದೆ ನಾಲ್ಕು, ಒಟ್ಟು ಎಂಟು. ಪತ್ತಿಕೊಂಡದ ಬಜಾರಿನಲ್ಲಿ ಇದು ಕಾಣುವುದು ವಜ್ರ ಸಿಕ್ಕಷ್ಟೇ ಅಪರೂಪ. ಆದರೂ ಶಾಸ್ತ್ರ ಪೂರ್ಣವಾಗಬೇಕಲ್ಲ.

ದೀರ್ಘಬಾಹು: 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಜಿಮ್ನಿ. ಎರಡೂ ಕಡೆ ಗಟ್ಟಿ ಆಕ್ಸಲ್, ಪ್ರತಿ ಆಕ್ಸಲ್‌ಗೆ ಎರಡು ಉದ್ದನೆಯ ಆರ್ಮ್, ಅಡ್ಡಕ್ಕೊಂದು ಪ್ಯಾನ್‌ಹಾರ್ಡ್ ರಾಡ್.

ಸಂಕರ: 2020ರ ಥಾರ್. ಮುಂದೆ ಚಕ್ರಕ್ಕೊಂದು ಅಪ್ಪರ್, ಒಂದು ಲೋಯರ್ ಆರ್ಮ್; ಹಿಂದೆ ಗಟ್ಟಿ ಆಕ್ಸಲ್. ಆದೋನಿಯಿಂದ ಗುತ್ತಿಯವರೆಗೆ ತಲೆ ಎತ್ತಿ ಓಡಾಡುವ ಜೀಪುಗಳಲ್ಲಿ ಹೆಚ್ಚಿನವು ಈ ಜಾತಿಯವೇ ಆದ್ದರಿಂದ ಸಿದ್ಧಾಂತ ಮುಖ್ಯವಾಗಿ ಇದಕ್ಕೇ ಬೇಕು.

ಪೂರ್ವಪಕ್ಷ ಹೀಗಿದೆ: ‘ಹಾಕಿಸುವುದಾದರೆ ಎಲ್ಲ ಒಟ್ಟಿಗೇ ಹಾಕಿಸು, ಸೆಟ್ಟಿಗೆ ಸೆಟ್ಟು, ಕೆಂಪು ಬಣ್ಣದ್ದು.’ ಇದು ಮಾರುವವನ ಪಕ್ಷ. ಖಂಡನೆ: ಎತ್ತರಿಸಿದ್ದರಿಂದ ಕೆಟ್ಟದ್ದು ಯಾವ ಕೋನ ಎಂದು ಮೊದಲು ತಿಳಿಯಬೇಕು, ಆ ಕೋನವನ್ನು ಸರಿಮಾಡುವ ಆರ್ಮ್ ಮಾತ್ರ ಆವಶ್ಯಕ, ಮಿಕ್ಕದ್ದೆಲ್ಲ ಅಲಂಕಾರ.

ಥಾರ್‌ನ ಮುಂಭಾಗ ನೋಡಿ. ಗಾಡಿ ಮೇಲೆದ್ದಾಗ ಆರ್ಮ್‌ಗಳ ಚಕ್ರದ ಕಡೆಯ ತುದಿ ಕೆಳಗೆ ಬಾಗುತ್ತದೆ. ಮೇಲಿನ ಬಾಲ್ ಜಾಯಿಂಟ್ ತನ್ನ ತಿರುಗುವ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಚಕ್ರ ಗುಂಡಿಗೆ ಜೋತಾಗ ಅಪ್ಪರ್ ಆರ್ಮ್ ಸ್ಪ್ರಿಂಗಿಗೆ ಒರಸುವುದೂ ಉಂಟು. ಕ್ಯಾಂಬರ್ (ಚಕ್ರದ ಒಳಹೊರಗಿನ ವಾಲು), ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷದ ಹಿಂದುಮುಂದಿನ ವಾಲು) ಎರಡೂ ಅಲೈನ್‌ಮೆಂಟ್ ಬೋಲ್ಟಿನ ಕೈಗೆ ಸಿಗದಷ್ಟು ದೂರ ಹೋಗುತ್ತವೆ. ಆದ್ದರಿಂದ ಇಲ್ಲಿ ಅಪ್ಪರ್ ಮೊದಲು. ಬಾಲ್ ಜಾಯಿಂಟ್ ಹೆಚ್ಚು ಬಾಗಬಲ್ಲದ್ದು, ಮೈ ಸ್ಪ್ರಿಂಗಿನಿಂದ ದೂರ ಬಳಸಿ ಹೋದದ್ದು ಬೇಕು. ಲೋಯರ್ ಆರ್ಮ್ ಕಂಪನಿಯದ್ದೇ ಇರಲಿ, ಸೊಟ್ಟಗಾಗುವ ತನಕ. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿಯುತ್ತಿದ್ದರೆ ಅದು ಬೇರೆ ರೋಗ. ಎತ್ತರ ಅತಿಯಾಯಿತೆಂದು ಅದರರ್ಥ. ಆರ್ಮ್ ಹಾಕಿ ಅದನ್ನು ವಾಸಿಮಾಡಲಾಗದು.

ಗಟ್ಟಿ ಆಕ್ಸಲ್ ಮುಂದಿರುವ ಗಾಡಿಗೆ ನ್ಯಾಯ ತಿರುವುಮುರುವು. ಆರ್ಮ್‌ಗಳು ಚಾಸಿಯಿಂದ ಮುಂದಕ್ಕೆ ಚಾಚಿ ಆಕ್ಸಲ್ ಹಿಡಿದಿರುತ್ತವೆ. ಚಾಸಿ ಏರಿದರೆ ಆಕ್ಸಲ್ ಕಮಾನಿನಂತೆ ಹಿಂದಕ್ಕೆ ಸರಿದು ಹೊರಳುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಇಲ್ಲದ ಸ್ಟಿಯರಿಂಗು ತಿರುಗಿಸಿದ ಮೇಲೆ ತಾನಾಗಿ ನೇರಕ್ಕೆ ಬಾರದು. ಗುತ್ತಿ–ಪತ್ತಿಕೊಂಡ ದಾರಿಯ ಎರ್ರಗುಡಿಯಲ್ಲಿ 1929ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳಿವೆ. ಅಲ್ಲಿನ ಕಿರು ಶಾಸನದಲ್ಲಿ ಲಿಪಿಕಾರ ಎಡದಿಂದ ಬಲಕ್ಕೆ ಬರೆಯುತ್ತ ನಡುನಡುವೆ ಕೆಲವು ಸಾಲುಗಳನ್ನು ಬಲದಿಂದ ಎಡಕ್ಕೆ ಕೊರೆದುಬಿಟ್ಟಿದ್ದಾನೆ. ಕ್ಯಾಸ್ಟರ್ ಕಳೆದುಕೊಂಡ ಜೀಪು ಆಸ್ಪರಿ ರಸ್ತೆಯ ಮೇಲೆ ಅದೇ ಶೈಲಿಯಲ್ಲಿ ಬರೆಯುತ್ತದೆ. ಪರಿಹಾರ: ಉದ್ದ ಹೊಂದಿಸಬಲ್ಲ ಲೋಯರ್ ಆರ್ಮ್ ಹಾಕಿ, ಆಕ್ಸಲ್‌ನ ಕೆಳಭಾಗವನ್ನು ಮುಂದಕ್ಕೆ ತಳ್ಳುವುದು. ಅಪ್ಪರ್ ಗಿಡ್ಡ ಮಾಡಿದರೂ ಕೋನ ಅಷ್ಟೇ ಸಿಗುತ್ತದೆ, ಆದರೆ ಆಕ್ಸಲ್ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲದೆ ಎಳೆತದ, ಬ್ರೇಕಿನ ಹೆಚ್ಚಿನ ಹೊರೆ ಬೀಳುವುದು ಲೋಯರ್ ಮೇಲೆ, ಕಲ್ಲಿಗೆ ತಾಗುವುದೂ ಅದೇ. ದಪ್ಪ ಕೊಳವೆಗೆ ದುಡ್ಡು ಕೊಡುವುದಾದರೆ ಇಲ್ಲಿ ಕೊಡಿ. ಒಂದು ಎಚ್ಚರ: ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಮುಂದಿನ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ನೋಡುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಗೊಣಗುತ್ತದೆ. ಎರಡಕ್ಕೂ ನಡುವೆ ರಾಜಿ ಮಾಡಬೇಕು.

ಜಿಮ್ನಿಗೆ ಇದರದೇ ಸಂಕ್ಷೇಪ. ಸ್ವಲ್ಪ ಎತ್ತರಕ್ಕೆ ಕ್ಯಾಸ್ಟರ್ ಬುಷ್ ಸಾಕು. ಅದಕ್ಕೂ ಮೀರಿದರೆ ಆರ್ಮೇ ಬೇರೆ.

ಹಿಂದೆ ನಾಲ್ಕು ಆರ್ಮ್ ಇರುವ ಗಾಡಿಗೆ ನಾಲ್ಕೂ ಹೊಂದಿಸಬಲ್ಲವಾಗಿರಬೇಕೆಂಬ ಮತ ದುಂದು. ಒಂದು ಜೋಡಿ ಸಾಕು. ಡಿಫರೆನ್ಷಿಯಲ್‌ನ ಮೂತಿ ಎತ್ತಬೇಕಿದ್ದರೆ ಅಪ್ಪರ್ ಉದ್ದ ಮಾಡಿ, ಇಲ್ಲವೇ ಲೋಯರ್ ಗಿಡ್ಡ ಮಾಡಿ. ಆಕ್ಸಲ್ ಒಂದು ಪಕ್ಕಕ್ಕೆ ಸರಿದು ಒಂದು ಚಕ್ರ ಹೊರಗೆ, ಇನ್ನೊಂದು ಒಳಗೆ ಕಂಡರೆ ಆರ್ಮ್‌ಗಳನ್ನು ಬೈಯಬೇಡಿ, ಅದು ಪ್ಯಾನ್‌ಹಾರ್ಡ್ ರಾಡಿನ ಕೆಲಸ. ಅದನ್ನೂ ಬಾಹುಗಳಲ್ಲಿ ಎಣಿಸಬೇಕೇ ಬೇಡವೇ ಎಂಬುದು ಪಂಡಿತರ ಜಗಳ, ನಾನು ಅದಕ್ಕೆ ಇಳಿಯುವುದಿಲ್ಲ.

ಆರ್ಮ್‌ಗಿಂತ ಅದರ ತುದಿ ದೊಡ್ಡ ವಿಷಯ. ಬರೀ ಲೋಹದ ಗುಂಡು ಜಾಯಿಂಟ್ ಚೆನ್ನಾಗಿ ತಿರುಗುತ್ತದೆ. ಎರೆಮಣ್ಣಿನ ಕೆಸರು ಒಳಹೊಕ್ಕು ಒಣಗಿತೆಂದರೆ ಅರೆದು ಸಡಿಲಾಗಿ ಕಟಕಟ ಎನ್ನುತ್ತದೆ. ಪಾಲಿಯೂರೆಥೇನ್ ಬುಷ್ ಗಟ್ಟಿ, ಗ್ರೀಸ್ ಹೊಡೆಯದಿದ್ದರೆ ಕಿರ್ರೆನ್ನುತ್ತದೆ. ಟೊಮ್ಯಾಟೊ ಮಾರ್ಕೆಟ್ಟಿಗೂ ವಜ್ರದ ಹೊಲಕ್ಕೂ ಒಂದೇ ಗಾಡಿ ಇಟ್ಟುಕೊಂಡವರಿಗೆ ನನ್ನ ಮತದಲ್ಲಿ ಕಂಪನಿಯಂಥ ರಬ್ಬರ್ ಬುಷ್ಷೇ ಸರಿ. ಅದಕ್ಕೊಂದು ವಿಧಿಯುಂಟು, ಆತುರದ ಗ್ಯಾರೇಜಿನಲ್ಲಿ ತಪ್ಪುವುದೂ ಅದೇ. ಜಾಕಿ ಮೇಲೆ ಗಾಡಿ ನಿಂತು, ಚಕ್ರ ಜೋತಾಡುತ್ತಿರುವಾಗ ಬೋಲ್ಟ್ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಇಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟ್ ಕೈಬಿಗಿಯಷ್ಟೇ ಇಟ್ಟು, ನಾಲ್ಕೂ ಚಕ್ರ ನೆಲಕ್ಕೆ ಇಳಿಸಿ, ಬಂಪರ್ ಹಿಡಿದು ಎರಡು ಸಲ ಅಲುಗಿಸಿ, ಆಮೇಲೆ ಪಾನಾ ಹಿಡಿದು ಅಡಿಗೆ ನುಸುಳಬೇಕು. ‘ಭಾಯ್, ಇಳಿಸಿ ಬಿಗೀರಿ’ ಎನ್ನಲು ಸಂಕೋಚ ಬೇಡ.

ಕಾನೂನಿನ ಪ್ರಕರಣ ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರ ಬದಲಿಸಬಾರದೆನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಬಗ್ಗಿ ನೋಡುವುದು ಗಾಡಿಯ ಅಡಿಗೆ.

ಕಡೆಯದಾಗಿ ಪ್ರಮಾಣ. ಈ ಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನಗಳಿಗೆ ಬೆಲೆಯಿಲ್ಲ. ಅಲೈನ್‌ಮೆಂಟ್ ಮಿಷನ್ನಿನಿಂದ ಬರುವ ಚೀಟಿಯೊಂದೇ ಪ್ರಮಾಣ. ಎತ್ತರಿಸುವ ಮೊದಲು ತೆಗೆಸಿದ ಹಳೆಯ ಚೀಟಿ ಇದ್ದರೆ ಹೊರತೆಗೆಯಿರಿ, ಎತ್ತರಿಸಿದ ಮೇಲಿನದೊಂದು ತೆಗೆಸಿ. ಎರಡರಲ್ಲೂ ಕ್ಯಾಸ್ಟರಿನ ಸಾಲು ಹುಡುಕಿ, ಎಡ ಬಲ ಎರಡೂ ಅಂಕಿ ನೋಡಿ, ಕಳೆಯಿರಿ. ಎತ್ತರಿಸಿದ ಮೇಲಿನ ಅಂಕಿ ಚೀಟಿಯಲ್ಲಿ ತೋರಿಸಿದ ಮಿತಿಯೊಳಗೇ ಇದ್ದರೆ ಆರ್ಮಿನ ದುಡ್ಡಿಗೆ ಟಯರು ಕೊಳ್ಳಿ.