ಆಳು ಸಿಗದ ಮಗ್ಗದ ಮಾಲಕರಿಗೆ ಒಂದು ಬಹಿರಂಗ ಪತ್ರ



ನೇಕಾರರು ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂಬ ಮಾಲಕರ ಅಳಲು ಇಳಕಲ್ಲಿನ ಬಜಾರದಿಂದ ಹೊರಟು ಹುನಗುಂದವನ್ನು ದಾಟಿ ಬಾಗಲಕೋಟೆಯ ಸಭೆಗಳವರೆಗೆ ತಲುಪಿದ್ದು, ಹೊಸ ಪೀಳಿಗೆಯ ಸೋಮಾರಿತನ ಮತ್ತು ಮೊಬೈಲುಗಳೇ ಇದಕ್ಕೆ ಕಾರಣವೆಂದು ತೀರ್ಮಾನವೂ ಆಗಿರುವುದರಿಂದ, ಕೂಲಿಯ ದರವನ್ನು ವಿಚಾರಣೆಯಿಂದಲೇ ಕೈಬಿಟ್ಟ ಮಾಲಕರ ದೂರದೃಷ್ಟಿಯನ್ನು ಮೊದಲಿಗೆ ಅಭಿನಂದಿಸಬೇಕಾಗುತ್ತದೆ.

ಕಾಣೆಯಾದ ಆಳು ಯಾರೆಂಬುದನ್ನು ಮಾತ್ರ ಶಾಸ್ತ್ರೋಕ್ತವಾಗಿ ಗುರುತಿಸುವುದು ಒಳಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ. ಸೆರಗಿನ ರೇಷ್ಮೆಯ ಹಾಸು ಬೇರೆ. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕಾಗಿದ್ದು, ಈ ಕಾರಣದಿಂದಲೇ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಗಂಡಸು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿರುವಾಗ, ಹಾಸಿನ ತಯಾರಿಗೆ ಹೆಂಡತಿ ಕೈಜೋಡಿಸುತ್ತಾಳೆ. ಲಾಳಿಯೊಳಗಿಡುವ ನೂಲಿನ ಸುರುಳಿಯಾದ ಕಂಡಿಕೆಯನ್ನು ಮುದಿ ತಾಯಿಯೋ ಶಾಲೆಯಿಂದ ಬಂದ ಮಗಳೋ ಸುತ್ತುತ್ತಾಳೆ. ಮಾಲಕರ ಲೆಕ್ಕದ ಪುಸ್ತಕದಲ್ಲಿ ಇರುವುದು ಒಂದೇ ಹೆಸರು, ಒಂದೇ ಕೂಲಿ. ಒಬ್ಬನ ಕೂಲಿಗೆ ಮನೆಮಂದಿಯೆಲ್ಲ ದುಡಿಯುವ ಇಂಥ ಏರ್ಪಾಟು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಇನ್ನೂ ಹೊಳೆದಿಲ್ಲ.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಸುತ್ತಲಿನ ಹಳ್ಳಿಗಳಲ್ಲಿ ಕೆರೆಯ ಹೂಳೆತ್ತಿದ ಹೆಂಗಸಿಗೂ ಗಂಡಸಿಗೂ ಉದ್ಯೋಗ ಖಾತ್ರಿ ಯೋಜನೆ 2024-25ರಲ್ಲಿ ಸರಿಸಮನಾಗಿ ದಿನಕ್ಕೆ 349 ರೂಪಾಯಿ ನಿಗದಿ ಮಾಡಿತ್ತು. ಆದ್ದರಿಂದ ಮಾಲಕರು ಕಳೆದುಕೊಂಡಿರುವುದು ಪುಸ್ತಕದಲ್ಲಿ ಎಂದೂ ಬರೆಯದ ಆಳುಗಳನ್ನು. ಬರೆದಿದ್ದ ಒಬ್ಬನೂ ಅವರ ಹಿಂದೆಯೇ ಎದ್ದು, ಕೆಂಪು ಗ್ರಾನೈಟಿನ ಪಾಲಿಶ್ ಘಟಕಕ್ಕೋ, ಬಾದಾಮಿಯ ಹೋಟೆಲಿಗೋ, ಗೋವೆಯ ಕಟ್ಟಡ ಕೆಲಸಕ್ಕೋ ನಡೆದಿದ್ದಾನೆ. ಬಾಗಲಕೋಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವವನಿಗೆ ತಿಂಗಳ ಪಗಾರವಿದೆ, ನೇಯುವವನಿಗೆ ಇಲ್ಲ ಎಂಬ ಸಣ್ಣ ಸಂಗತಿಯನ್ನು ಆತ ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡನೋ!

ಆಳನ್ನು ಉಳಿಸಿಕೊಳ್ಳುವ ವಿದ್ಯೆಯಲ್ಲಿ ಮಾತ್ರ ಮಾಲಕರು ಯಾರಿಂದಲೂ ಕಲಿಯಬೇಕಾದುದಿಲ್ಲ. ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಟ್ಟು, ಸೀರೆಗೆ ಇಷ್ಟೆಂದು ಮುರಿದುಕೊಳ್ಳುತ್ತ, ಅದು ತೀರುವ ಮೊದಲೇ ಇನ್ನೊಂದು ಮದುವೆ ಬರುವವರೆಗೆ ಕಾಯುವ ಈ ಪದ್ಧತಿಯಲ್ಲಿ ನೇಕಾರನು ಬೇರೆ ಮಾಲಕನ ಕಡೆ ಹೋಗಬೇಕಾದರೆ ಹಳೆಯ ಬಾಕಿಯನ್ನು ಹೊಸಬ ಚುಕ್ತಾ ಮಾಡಬೇಕು. ದೇಶದ ನೇಕಾರ ಕುಟುಂಬಗಳಲ್ಲಿ ಮೂರನೇ ಎರಡರಷ್ಟು ತಿಂಗಳಿಗೆ 5,000 ರೂಪಾಯಿಯನ್ನೂ ಮುಟ್ಟುವುದಿಲ್ಲವೆಂದು 2019-20ರ ಕೈಮಗ್ಗ ಗಣತಿ ತೋರಿಸಿರುವಾಗ, ಬಾಕಿ ಬೇಗ ತೀರೀತೆಂಬ ಭಯವೂ ಮಾಲಕರಿಗೆ ಬೇಡ. ಇದಕ್ಕೆ ಪೂರಕವಾಗಿ 2015ರಿಂದ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನವೂ ಇದೆ. ಅಂದು ಶಾಲು ಹೊದಿಸಿದರೆ ಸಾಕು, ಶಾಲು ಪವರ್‌ಲೂಮಿನದಾದರೂ ನಡೆದೀತು.

ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಅನುಕೂಲವಾಗಲೆಂದು ಜಾಹೀರಾತಿನ ಕರಡೊಂದನ್ನು ಇಲ್ಲಿ ಲಗತ್ತಿಸಲಾಗಿದೆ:

‘ನೇಕಾರರು ಬೇಕಾಗಿದ್ದಾರೆ. ಹೆಂಡತಿ, ತಾಯಿ, ಮಗಳ ಸಮೇತ ಬರತಕ್ಕದ್ದು, ಕೂಲಿ ಒಬ್ಬನಿಗೆ. ಸೊಂಟನೋವಿಗೆ ರಜೆಯಿಲ್ಲ. ಮುಂಗಡ ಕಡ್ಡಾಯ. ಇಂಜಿನಿಯರಿಂಗ್ ಓದುತ್ತಿರುವ ಮಾಲಕರ ಮಕ್ಕಳಿಗೆ ಈ ಹುದ್ದೆಯಿಂದ ವಿನಾಯಿತಿ ಇದೆ.’