ಹರಿಗೋಲಿಗೊಂದು ಇನ್ವರ್ಟರ್

ಮನೆಗೊಂದು ಇನ್ವರ್ಟರ್ ಬಂದ ಮೇಲೆ ಮನೆಗೊಬ್ಬ ಎಂಜಿನಿಯರೂ ಹುಟ್ಟಿಕೊಂಡಿದ್ದಾನೆ. ತಮಿಳುನಾಡಿನ ಮಡತ್ತುಕುಳಂನ ನಮ್ಮ ಮನೆತನದಲ್ಲಿ ಆ ಪದವಿ ಮಾವನದು. ಮಗ್ಗ ಬಿಟ್ಟಾಗಿನಿಂದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದೇ ಅವರ ದೊಡ್ಡ ಉದ್ಯೋಗ. ಮನೆಯ ಹೊರಗೆ ತಮಿಳು, ಒಳಗೆ ಕನ್ನಡ. ಬ್ಯಾಟರಿ ವಿಷಯ ಎತ್ತಿದರೆ ಎರಡರಲ್ಲೂ ಉಪನ್ಯಾಸ.

ಈಗ ಅವರ ಕಣ್ಣು ನಮ್ಮ ಕಡೆಯ ಅಮರಾವತಿ ಅಣೆಕಟ್ಟೆಯ ಮೇಲೆ ಬಿದ್ದಿದೆ. 1957ರಲ್ಲಿ ಕಟ್ಟಿದ ಆ ಜಲಾಶಯದಲ್ಲಿ ಜಿಲೇಬಿ ಮೀನು (ತಿಲಾಪಿಯಾ) ಹಿಡಿಯುವವರು ಹರಿಗೋಲಿನಲ್ಲೇ ಹೋಗಿ ಬಲೆ ಬಿಡುತ್ತಾರೆ. ಮೇಲೆ ಬಿಸಿಲು, ಕೆಳಗೆ ಮೊಸಳೆ, ಕೈಯಲ್ಲೊಂದು ಹುಟ್ಟು. "ಪಾಪ, ಒಂದು ಬ್ಯಾಟರಿ, ಒಂದು ಮೋಟಾರು ಇಟ್ಟುಕೊಂಡರೆ ಮುಗೀತಲ್ಲ!" ಅಂದರು ಮಾವ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು. ಈಜು ಬಾರದವರಿಗೆ ನೀರಿನ ವಿಷಯದಲ್ಲಿ ಇರುವಷ್ಟು ಧೈರ್ಯ ಇನ್ಯಾರಿಗೂ ಇರುವುದಿಲ್ಲ.

"ಯಾವ ಬ್ಯಾಟರಿ ಮಾವ?"

"ನಮ್ಮನೇದೇ. 150 ಆಂಪಿಯರ್ ಅವರ್, ಟ್ಯೂಬುಲರ್!"

ಸರಿ, ಲೆಕ್ಕ ಹಾಕೋಣ. 12 ವೋಲ್ಟಿನ ಆ ಬ್ಯಾಟರಿಯಲ್ಲಿ 1800 ವಾಟ್ ಅವರ್, ಅಂದರೆ ಎರಡು ಯೂನಿಟ್ಟಿಗೂ ಕಡಿಮೆ. ದೋಣಿಗೆ ಕಟ್ಟುವ ಸಣ್ಣ ಮೋಟಾರು ಪೂರ್ತಿ ತಿರುಗಿದರೆ 30 ಆಂಪಿಯರ್ ಎಳೆಯುತ್ತದೆ; ಹೆಚ್ಚುಕಡಿಮೆ ಅರ್ಧ ಎಚ್‌ಪಿ. "150ನ್ನು 30ರಿಂದ ಭಾಗಿಸು, ಐದು ಗಂಟೆ!" ಎಂದು ಮಾವ ತೊಡೆ ತಟ್ಟಿದರು. ಅಲ್ಲೇ ಇರುವುದು ಗುಟ್ಟು. ಆ 150 ಎಂಬುದು ಬ್ಯಾಟರಿಯನ್ನು 20 ಗಂಟೆಯುದ್ದಕ್ಕೂ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಜೋರಾಗಿ ಎಳೆದಷ್ಟೂ ಅದು ಕೈ ಬಿಗಿ ಹಿಡಿಯುತ್ತದೆ. ಇದ್ದದ್ದರಲ್ಲೂ ಅರ್ಧಕ್ಕಿಂತ ಹೆಚ್ಚು ದಿನಾ ಬಳಿದರೆ ಸೀಸದ ಬ್ಯಾಟರಿಯ ಆಯುಸ್ಸು ಬೇಗ ಮುಗಿಯುತ್ತದೆ. ಕಳೆದು ಕೂಡಿ ನೋಡಿದರೆ ಎರಡು ಗಂಟೆ ದಾಟಿದರೆ ಪುಣ್ಯ. ತೂಕ ಮಾತ್ರ ಐವತ್ತು ಕಿಲೋ ಮೇಲೆ. ಹರಿಗೋಲಿನಲ್ಲಿ ಮೀನು ಬರಬೇಕೋ, ಬ್ಯಾಟರಿ ಬರಬೇಕೋ?

"ಕಾರಿನ ಬ್ಯಾಟರಿ ಹಗುರ" ಅಂದರು. ಹಗುರ ನಿಜ. ಆದರೆ ಅದು ಎರಡು ಸೆಕೆಂಡು ಗುದ್ದಿ ಎಂಜಿನ್ ಎಬ್ಬಿಸಲು ಹುಟ್ಟಿದ್ದು; ಗಂಟೆಗಟ್ಟಲೆ ದುಡಿಸಿದರೆ ಒಳಗಿನ ಪ್ಲೇಟು ಹಾಳು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 100 ಆಂಪಿಯರ್ ಅವರ್‌ನದು ಹನ್ನೆರಡು ಕಿಲೋ ಆಸುಪಾಸು, ಮುಕ್ಕಾಲು ಪಾಲಿಗಿಂತ ಹೆಚ್ಚು ಧೈರ್ಯವಾಗಿ ಬಳಸಬಹುದು. ಬೆಲೆ ಕೇಳಿ ಮಾವ ಇನ್ನೊಂದು ಟೀ ಹೇಳಿದರು.

ಅಷ್ಟಕ್ಕೂ ಹರಿಗೋಲು ಅಂದರೆ ಏನು? ಬಿದಿರಿನ ಸೀಳು ಹೆಣೆದು, ಅಡಿಗೆ ಟಾರ್ಪಾಲು ಹೊದಿಸಿ, ಡಾಂಬರು ಬಳಿದ ದೊಡ್ಡ ಬುಟ್ಟಿ. ಈಗೀಗ ಫೈಬರಿನದೂ ಉಂಟು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಹುಟ್ಟು ಹಾಕುವವನು ಸಾಗಬೇಕಾದ ಕಡೆಯ ಅಂಚಿನಲ್ಲಿ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ, ಮಣಿಕಟ್ಟು ತಿರುಗಿಸುತ್ತಾ ದಾರಿ ಹಿಡಿಸಬೇಕು. ಅಂಚಿಗೊಂದು ಮೋಟಾರು ಸಿಕ್ಕಿಸಿ ಕೈಬಿಟ್ಟರೆ ಅದು ಕೊಯಮತ್ತೂರಿನ ವೆಟ್ ಗ್ರೈಂಡರಿನ ಹಾಗೆ ನಿಂತಲ್ಲೇ ಸುತ್ತುತ್ತದೆ. ಮೊಸಳೆಗಳಿಗೂ ತಲೆಸುತ್ತು ಬಂದೀತು.

ಬ್ಯಾಟರಿ ದೋಣಿ ಹೊಸದೂ ಅಲ್ಲ. 1838ರಲ್ಲೇ ಯಾಕೋಬಿ ಎಂಬ ವಿಜ್ಞಾನಿ ರಷ್ಯಾದ ನೇವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದ. ದೂರ ಯಾಕೆ, ಪಕ್ಕದ ಕೇರಳದ ವೈಕಂನಲ್ಲಿ 2017ರ ಜನವರಿಯಿಂದ 'ಆದಿತ್ಯ' ಎಂಬ ಸೌರ ದೋಣಿ 75 ಜನರನ್ನು ಕೂರಿಸಿಕೊಂಡು ಓಡುತ್ತಿದೆ. ಆದರೆ ಅದರ ಬ್ಯಾಟರಿ 50 ಯೂನಿಟ್ಟಿನದು, ನಮ್ಮ ಮಾವನ ಮನೆಯ ಬ್ಯಾಟರಿಯಂಥವು ಇಪ್ಪತ್ತೇಳೆಂಟು! ತಲೆಯ ಮೇಲೆ ಸೋಲಾರ್ ಚಾವಣಿ. ನೀರು ಸೀಳುವ ಸಪೂರ ಜೋಡಿ ಒಡಲು. ಬುಟ್ಟಿಗೆ ಆ ಭಾಗ್ಯವಿಲ್ಲ.

ನೀರಿನ ನ್ಯಾಯವೇ ಬೇರೆ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಸುಮಾರು ಎಂಟರಷ್ಟು ಸುರಿಯಬೇಕು. ತಿರುಗಿಸಿ ಹೇಳಿದರೆ, ಅರ್ಧ ವೇಗದಲ್ಲಿ ಹೋದವನಿಗೆ ಎಂಟನೇ ಒಂದು ಪಾಲು ಸಾಕು. ಎರಡು ಗಂಟೆಗೆ ಮುಗಿಯುವ ಬ್ಯಾಟರಿ ಇಡೀ ದಿನ ಬರುತ್ತದೆ. ದೊಡ್ಡ ಬ್ಯಾಟರಿ ಕೇಳುವುದು ದೋಣಿಯಲ್ಲ ಮಾವ, ನಮ್ಮ ಅವಸರ.

ಮೇಲೆ ಗಾಳಿಯ ಕಾಟ. ತಮಿಳರ ಆಡಿ ತಿಂಗಳ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆಂದು ನಮ್ಮ ಕಡೆ ಗಾದೆ. ನಮ್ಮ ಪಕ್ಕದ ಉಡುಮಲೈ ಸುತ್ತಲಿನ ಗಾಳಿಯಂತ್ರಗಳಿಗೆ ಅದು ಹಬ್ಬ. ಅದೇ ಗಾಳಿಗೆ ಎದುರಾಗಿ ದಡ ಸೇರಬೇಕಾದ ಹರಿಗೋಲಿಗೆ ಅಗ್ನಿಪರೀಕ್ಷೆ. ಹೋಗುವಾಗ ಅರ್ಧ ಬ್ಯಾಟರಿ ಖರ್ಚಾಯಿತೆಂದರೆ ಬರುವಾಗ ಉಳಿದರ್ಧ ಸಾಲದು.

ಇಷ್ಟೂ ಕೇಳಿಸಿಕೊಂಡ ಮೀನುಗಾರರೊಬ್ಬರು ಬೀಡಿ ಆರಿಸಿ, "ಮೋಟಾರು ಬೇಡ ಅಣ್ಣ, ರಾತ್ರಿ ಬಲೆ ಬಿಡಿಸೋಕೆ ಒಂದು ದೀಪ ಇದ್ದರೆ ಸಾಕು" ಅಂದರು. ಬೇಕಾದವರನ್ನೇ ಯಾರೂ ಕೇಳಿರಲಿಲ್ಲ ನೋಡಿ! ದೀಪದ ಲೆಕ್ಕ ಬೆರಳೆಣಿಕೆಯದು. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 96 ವಾಟ್ ಅವರ್ ಇರುತ್ತದೆ. ಅರ್ಧ ಮಾತ್ರ ಬಳಸಿದರೂ 5 ವಾಟಿನ ಎಲ್‌ಇಡಿ ಒಂಬತ್ತು ಗಂಟೆ ಉರಿಯುತ್ತದೆ.

ಆದ್ದರಿಂದ ತೀರ್ಪು ಇಷ್ಟು: ಹರಿಗೋಲಿಗೆ ಸ್ಪ್ರೇಯರ್ ಬ್ಯಾಟರಿ, ಒಂದು ಫ್ಯೂಸು, ಒಂದು ದೀಪ. ಮೋಟಾರು ಹಾಕಲೇಬೇಕೆಂದರೆ ಉದ್ದನೆಯ ದೋಣಿ, ಲಿಥಿಯಂ ಬ್ಯಾಟರಿ, ಅರ್ಧ ವೇಗ. ಜೊತೆಗೆ ಹುಟ್ಟು ಇರಲೇಬೇಕು. ಇನ್ವರ್ಟರಿನ ಬ್ಯಾಟರಿ ಇದ್ದಲ್ಲೇ ಇರಲಿ ಮಾವ. ಸೀರಿಯಲ್ ಹೊತ್ತಿಗೆ ಕರೆಂಟು ಹೋದರೆ ಅತ್ತೆಗೆ ಉತ್ತರ ಹೇಳಬೇಕಾದವರು ನೀವೇ.