ಡೌನ್‌ಲೋಡ್ ಮಾವ

ಜಾತಕ ನೋಡುವ ದೊಡ್ಡಪ್ಪ, ಮದುವೆ ಕುದುರಿಸುವ ಸೋದರತ್ತೆ, ಕೈಗಡ ಕೇಳುವ ಷಡ್ಡಕ ಮೊದಲಾದವರಿಗೆ ಕನ್ನಡ ಕುಟುಂಬಗಳಲ್ಲಿ ಹಿಂದಿನಿಂದಲೂ ಸ್ಥಾನ ನಿಗದಿಯಾಗಿದ್ದು, ಈಚಿನ ಎರಡು ದಶಕಗಳಲ್ಲಿ ಆ ಸಾಲಿಗೆ ಸೇರಿಕೊಂಡ ಹೊಸಬರೊಬ್ಬರನ್ನು ಅಧ್ಯಯನದ ಅನುಕೂಲಕ್ಕಾಗಿ ‘ಡೌನ್‌ಲೋಡ್ ಮಾವ’ ಎಂದು ಕರೆಯಬಹುದು. ಅಂತರ್ಜಾಲದಲ್ಲಿ ಕಣ್ಣಿಗೆ ಬಿದ್ದ ವಿಡಿಯೊವನ್ನು ಅಲ್ಲಿಯೇ ನೋಡಿ ಮುಗಿಸದೆ, ತಮ್ಮ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಂಡು, ಹೆಸರಿಟ್ಟು, ಎರಡು ಕಡೆ ನಕಲು ಮಾಡಿಟ್ಟ ಮೇಲಷ್ಟೇ ನೆಮ್ಮದಿಯಿಂದ ಮಲಗುವುದು ಇವರ ಪ್ರಧಾನ ಲಕ್ಷಣ. ಇಳಿಸಿಕೊಂಡದ್ದನ್ನು ಮುಂದೆ ಎಂದಾದರೂ ನೋಡುವುದು ಲಕ್ಷಣಗಳ ಪಟ್ಟಿಯಲ್ಲಿ ಸೇರಿಲ್ಲ. ವಯಸ್ಸು ಸಾಮಾನ್ಯವಾಗಿ ಐವತ್ತೈದು ದಾಟಿರುತ್ತದೆ, ಬ್ಯಾಂಕು, ವಿದ್ಯುತ್ ಮಂಡಳಿ ಅಥವಾ ಹೈಸ್ಕೂಲಿನ ಗಣಿತ ಇವುಗಳಲ್ಲೊಂದರಿಂದ ನಿವೃತ್ತಿಯಾಗಿರುತ್ತದೆ, ವಾಸ ಮೈಸೂರು, ಶಿವಮೊಗ್ಗ ಅಥವಾ ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯಲ್ಲಿರುತ್ತದೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋದವರು ಅಲ್ಲಿನ ಇಂಟರ್ನೆಟ್ಟಿನ ವೇಗವನ್ನು ಕಂಡು, ಮೊಮ್ಮಗುವನ್ನು ತೂಗುವುದನ್ನು ಹೆಂಡತಿಗೆ ಒಪ್ಪಿಸಿ, ಆರೂ ತಿಂಗಳು ಇಳಿಸುತ್ತಲೇ ಇದ್ದ ನಿದರ್ಶನಗಳೂ ಇವೆ.

ಇವರ ಆಸ್ತಿಯ ವಿವರಕ್ಕೆ ಬಂದರೆ, ಬೀರುವಿನ ಒಳಖಾನೆಯಲ್ಲಿ, ಬೆಳ್ಳಿಯ ಪಂಚಪಾತ್ರೆ ಉದ್ಧರಣೆಗಳ ಪಕ್ಕದಲ್ಲಿ, ಹಳೆಯ ಕರ್ಚೀಫಿನಲ್ಲಿ ಸುತ್ತಿಟ್ಟ ಮೂರು ಹಾರ್ಡ್ ಡಿಸ್ಕುಗಳು ಇರುತ್ತವೆ. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮುಟ್ಟಬಾರದು’ ಎಂದು ಬರೆದಿರುತ್ತದೆ, ಇನ್ನೊಂದರ ಮೇಲೆ ‘ಇದು ಅದರ ನಕಲು’ ಎಂದಿರುತ್ತದೆ, ಮೂರನೆಯದು ಏನೆಂದು ಅವರಿಗೂ ಮರೆತಿರುತ್ತದೆ. ಒಳಹೊಕ್ಕು ನೋಡಿದರೆ ‘ಯಕ್ಷಗಾನ’, ‘ಯಕ್ಷಗಾನ ಹೊಸದು’, ‘ಯಕ್ಷಗಾನ ಹೊಸದು ಫೈನಲ್’ ಎಂಬ ಮೂರು ಫೋಲ್ಡರುಗಳೂ, ಇವೆಲ್ಲವನ್ನೂ ನುಂಗುವಷ್ಟು ದೊಡ್ಡದಾದ ‘ಇತರೆ’ ಎಂಬ ನಾಲ್ಕನೆಯದೂ ಕಾಣಸಿಗುತ್ತವೆ. ಈ ‘ಇತರೆ’ಯಲ್ಲಿ ಮಂಡಿನೋವಿಗೆ ವ್ಯಾಯಾಮ, ಸೋಲಾರ್ ಹೀಟರ್ ತೊಳೆಯುವ ಕ್ರಮ, ಮಳೆಗಾಲದ ಜೋಗ, ಹಿದುಕಿದ ಬೇಳೆ ಸಾರು ಮತ್ತು ಹಿಂದೊಮ್ಮೆ ಕೆಟ್ಟು ಈಗ ಗುಜರಿಗೆ ಹೋಗಿರುವ ಮಿಕ್ಸಿಯ ದುರಸ್ತಿ ಒಟ್ಟಿಗೆ ನೆಲೆಸಿವೆ. ‘ಒಂದನ್ನಾದರೂ ನೋಡಿದ್ದೀರಾ?’ ಎಂದು ಅತ್ತೆ ಕೇಳಿದರೆ, ‘ನೋಡುವುದಕ್ಕಲ್ಲ ಕಣೇ, ಇರಲಿ ಅಂತ’ ಎಂಬ ಉತ್ತರ ಬರುತ್ತದೆ.

ಈ ‘ಇರಲಿ ಅಂತ’ ಎಂಬ ಮನೋಧರ್ಮ ಇಂಟರ್ನೆಟ್ಟಿಗಿಂತ ಹಳೆಯದು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಭಾನುವಾರದ ‘ರಾಮಾಯಣ’ ಆರಂಭವಾದಾಗ, ಬೀದಿಗೊಂದೇ ವಿಸಿಆರ್ ಇದ್ದ ಕಾಲದಲ್ಲಿ, ಅದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟವರು ಇದೇ ಮಾವನ ಪೂರ್ವಾವತಾರ. ಪ್ರಸಾರವಾದ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಅನುಕೂಲವಾದಾಗ ನೋಡುವುದು ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ವ್ಯಾಜ್ಯ ಅಮೆರಿಕದಲ್ಲಿ ಸೋನಿ ಕಂಪನಿಗೂ ಯೂನಿವರ್ಸಲ್ ಸ್ಟುಡಿಯೊಗೂ ನಡುವೆ ವರ್ಷಗಟ್ಟಲೆ ನಡೆದು, 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ‘ಅಲ್ಲ’ ಎಂದು ತೀರ್ಪಿತ್ತಿತು. ಒಬ್ಬ ನ್ಯಾಯಾಧೀಶರು ಆಚೆಗೆ ವಾಲಿದ್ದರೆ ಮಾವನ ಇಡೀ ಕುಲವೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತಿತ್ತು ಎಂಬುದನ್ನು ಅವರು ಮದುವೆ ಮನೆಗಳಲ್ಲಿ, ಎರಡನೆಯ ಪಂಕ್ತಿಗೆ ಎಲೆ ಹಾಕುವ ತನಕ ವಿವರಿಸುತ್ತಾರೆ. ಅಂದಿನ ಕ್ಯಾಸೆಟ್ಟುಗಳು ಇಂದಿಗೂ ಅಟ್ಟದ ಮೇಲಿವೆ, ಆದರೆ ಹಾಕಿ ನೋಡಲು ಯಂತ್ರವಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಆ ಕೆಲಸ ನಿಲ್ಲಿಸಿತು. ಈ ಸಂಗತಿಯನ್ನು ಮಾವನೆದುರು ಎತ್ತದಿರುವುದು ಲೇಸು.

ಮುಂದಿನ ಘಟ್ಟದಲ್ಲಿ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಕಾಲವೊಂದು ಬಂದು ಹೋಯಿತು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಬಳಕೆಗೆ ಲೆಕ್ಕವಿಲ್ಲ ಎಂಬ ಯೋಜನೆ ಇದ್ದ ದಿನಗಳಲ್ಲಿ, ಬ್ರಾಹ್ಮೀ ಮುಹೂರ್ತಕ್ಕೂ ಮೊದಲೇ ಅಲಾರಾಂ ಇಟ್ಟು ಎದ್ದು, ಡೌನ್‌ಲೋಡಿಗೆ ಹಚ್ಚಿ ಮತ್ತೆ ಮಲಗುವ ವ್ರತವನ್ನು ಮಾವ ತಪ್ಪದೆ ನಡೆಸಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ, ಯಾವಾಗ ಬೇಕಾದರೂ ನೋಡಬಹುದಾದ್ದರಿಂದ ಇಳಿಸಿಕೊಳ್ಳುವ ಅಗತ್ಯವೇ ಇಲ್ಲವೆಂದು ಉಳಿದವರೆಲ್ಲ ತಿಳಿದರು. ಮಾವ ಮಾತ್ರ ಇನ್ನಷ್ಟು ಇಳಿಸಬಹುದೆಂದು ತಿಳಿದರು.

ಇಲ್ಲಿ ತಂತ್ರದ ವಿಚಾರವೊಂದನ್ನು ಬಿಡಿಸಿ ಹೇಳಬೇಕು. ಆನ್‌ಲೈನಿನಲ್ಲಿ ವಿಡಿಯೊ ನೋಡುವುದಕ್ಕೆ ‘ಸ್ಟ್ರೀಮಿಂಗ್’ ಎಂದು ಹೆಸರಿದ್ದು, ಕಂಪನಿಯ ಕಂಪ್ಯೂಟರಿನಿಂದ ವಿಡಿಯೊ ಚೂರುಚೂರಾಗಿ ನೋಡುಗನ ಫೋನಿಗೆ ಇಳಿದು, ಪರದೆಯ ಮೇಲೆ ಮೂಡಿದ ಕೂಡಲೇ ಆ ಚೂರುಗಳನ್ನು ಬಿಸಾಡಲಾಗುತ್ತದೆ. ಅಂದರೆ ನೋಡುವವರೆಲ್ಲರೂ ಇಳಿಸಿಕೊಳ್ಳುವವರೇ, ಬಿಸಾಡದೆ ಇಟ್ಟುಕೊಳ್ಳುವವರು ಮಾತ್ರ ಮಾವ. ಇದರಲ್ಲಿ ದೃಶ್ಯವೊಂದು ಕಡತ, ಧ್ವನಿಯೊಂದು ಕಡತವಾಗಿ ಬೇರೆಬೇರೆ ಹರಿದುಬರುವುದರಿಂದ, ಎರಡನ್ನೂ ಇಳಿಸುವ ತಂತ್ರಾಂಶವೊಂದರಿಂದ ತಂದು ‘ಎಫ್‌ಎಫ್‌ಎಂಪೆಗ್’ ಎಂಬ ಇನ್ನೊಂದು ತಂತ್ರಾಂಶದಿಂದ ಬೆಸೆಯಬೇಕು. ಸ್ಪಷ್ಟ ಚಿತ್ರಕ್ಕೆ 137, ಅದರ ಧ್ವನಿಗೆ 140 ಎಂಬ ಯೂಟ್ಯೂಬಿನ ಒಳಸಂಖ್ಯೆಗಳು ಮಾವನಿಗೆ ಬಾಯಿಪಾಠವಾಗಿದ್ದು, ಹೆಂಡತಿಯ ಫೋನ್ ನಂಬರನ್ನು ನೋಡಿಯೇ ಒತ್ತುವ ಇವರು ಇಳಿಸುವ ತಂತ್ರಾಂಶಕ್ಕೆ ಆಜ್ಞೆ ಬರೆಯುವ ಕಪ್ಪು ಪರದೆಯ ಮುಂದೆ ಕುಳಿತು ‘137 ಪ್ಲಸ್ 140’ ಎಂದು ಕಣ್ಣುಮುಚ್ಚಿ ಕುಟ್ಟುತ್ತಾರೆ.

ಮಾವನಿಗೆ ಎದುರಾಳಿ ಯಾರೆಂದರೆ, ವಿಡಿಯೊ ಹಂಚುವ ವೇದಿಕೆಯನ್ನು ನಡೆಸುವ ಕಂಪನಿ. ತಾನು ತೋರಿಸುವ ಡೌನ್‌ಲೋಡ್ ಗುಂಡಿಯಿಂದ ಅಥವಾ ತನ್ನ ಒಪ್ಪಿಗೆಯಿಂದ ಹೊರತಾಗಿ ಏನನ್ನೂ ಇಳಿಸಿಕೊಳ್ಳಕೂಡದೆಂದು ಯೂಟ್ಯೂಬಿನ ಸೇವಾ ನಿಯಮ, ಅಂದರೆ ಖಾತೆ ತೆರೆಯುವಾಗ ಯಾರೂ ಓದದೆ ‘ಒಪ್ಪಿದೆ’ ಎನ್ನುವ ಆ ಉದ್ದನೆಯ ಕರಾರು, ವಿಧಿಸುತ್ತದೆ. ಕಂಪನಿ ಸಂಪೂರ್ಣ ಕಠಿಣವೂ ಅಲ್ಲ: 2014ರ ಡಿಸೆಂಬರಿನಲ್ಲಿ, ನೆಟ್‌ವರ್ಕ್ ಸರಿಯಿಲ್ಲದವರ ಅನುಕೂಲಕ್ಕೆಂದೇ, ಆಫ್‌ಲೈನ್ ಉಳಿಸುವ ಸೌಲಭ್ಯವನ್ನು ಭಾರತದಲ್ಲಿ ಕೊಟ್ಟಿತು, ಆದರೆ ಹಾಗೆ ಉಳಿಸಿದ ವಿಡಿಯೊ ನಲವತ್ತೆಂಟು ಗಂಟೆ ಮಾತ್ರ ಓಡುತ್ತದೆ, ಆಮೇಲೆ ಫೋನು ಮತ್ತೆ ಇಂಟರ್ನೆಟ್ಟಿಗೆ ಮುಖ ತೋರಿಸಿ, ಆ ವಿಡಿಯೊ ಇನ್ನೂ ಇದೆಯೇ ಎಂದು ಕಂಪನಿಯನ್ನು ಕೇಳಿಬರಬೇಕು. ತೀರ್ಥಹಳ್ಳಿಯ ಆಚೆಯ ಕಾಡಿನ ಅಜ್ಜನ ಮನೆಗೆ ಮೂರು ದಿನದ ಶ್ರಾದ್ಧಕ್ಕೆ ಹೋದವರಿಗೆ ಮೂರನೆಯ ದಿನವೇ ಬೇಸರ ಹೆಚ್ಚು, ವಿಡಿಯೊ ಮುಚ್ಚಿಕೊಳ್ಳುವುದೂ ಅಂದೇ. ಭಾರತಕ್ಕೆಂದೇ 2016ರಲ್ಲಿ ಘೋಷಿಸಿ, ಡೇಟಾ ಖರ್ಚಿಲ್ಲದೆ ಪಕ್ಕದವರ ಫೋನಿಗೆ ವಿಡಿಯೊ ದಾಟಿಸಲು ಬಿಡುತ್ತಿದ್ದ ‘ಯೂಟ್ಯೂಬ್ ಗೋ’ ಎಂಬ ಆ್ಯಪನ್ನು ಕಂಪನಿ 2022ರಲ್ಲಿ ಮುಚ್ಚಿತು. 2019ರಿಂದ ತಿಂಗಳ ಚಂದಾ ಕೊಡುವವರಿಗೆ ‘ಪ್ರೀಮಿಯಂ’ ಇದೆ, ಉಳಿಸಿದ್ದನ್ನು ನೋಡುವ ಅವಧಿಯೂ ಉದಾರವಾಗಿದೆ. ಚಂದಾ ನಿಂತರೆ ಉಳಿಸಿದ್ದೂ ನಿಲ್ಲುತ್ತದೆ.

ಈ ವಿಷಯದಲ್ಲಿ ಮಾವನಿಗೂ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೋದರಳಿಯನಿಗೂ ಪ್ರತಿ ಯುಗಾದಿಗೆ ನಡೆಯುವ ಸಂವಾದ ಹೀಗಿರುತ್ತದೆ.

‘ಮಾವ, ಪ್ರೀಮಿಯಂ ತಗೊಂಡುಬಿಡಿ, ಡೌನ್‌ಲೋಡ್ ಬರುತ್ತೆ.’

‘ದುಡ್ಡು ನಂದು, ಫೋನು ನಂದು, ಮೆಮೊರಿ ಕಾರ್ಡು ನಂದು. ಒಳಗಿರೋ ವಿಡಿಯೊ ನೋಡೋಕೆ ಅವರ ಅಪ್ಪಣೆ ಯಾಕೋ?’

‘ಅದು ಆನ್‌ಲೈನಲ್ಲೇ ಇರುತ್ತಲ್ಲ ಮಾವ?’

‘ಇವತ್ತು ಇದೆ ಕಣೋ.’

ಅಳಿಯ ಹೋಳಿಗೆಯ ಕಡೆ ತಿರುಗುತ್ತಾನೆ. ಸೋಲೊಪ್ಪಿದ್ದರಿಂದಲ್ಲ, ಮಾವನ ಮುಂದಿನ ವಾಕ್ಯ 2009ರ ಅಮೆಜಾನ್ ಪ್ರಕರಣವೆಂದು ಅವನಿಗೆ ಗೊತ್ತಿರುವುದರಿಂದ. ಆ ವರ್ಷದ ಜುಲೈಯಲ್ಲಿ, ಮಾರುವ ಹಕ್ಕಿಲ್ಲದವರು ಮಾರಿದ್ದ ಪ್ರತಿಗಳೆಂಬ ಕಾರಣಕ್ಕೆ, ಓದುಗರು ಹಣ ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ಅಮೆಜಾನ್ ಅವರವರ ಕಿಂಡಲ್ ಯಂತ್ರಗಳಿಂದಲೇ ದೂರದಿಂದ ಅಳಿಸಿ ಹಣ ಹಿಂತಿರುಗಿಸಿತು, ಬಳಿಕ ಕ್ಷಮೆಯನ್ನೂ ಕೇಳಿತು. ಅವು ಜಾರ್ಜ್ ಆರ್ವೆಲ್ ಬರೆದ ಪುಸ್ತಕಗಳಾಗಿದ್ದವು, ಅದರಲ್ಲೊಂದು ಸರ್ವಾಧಿಕಾರಿ ಪ್ರಭುತ್ವವು ಹಳೆಯ ದಾಖಲೆಗಳನ್ನು ಅಳಿಸುತ್ತ ಹೋಗುವ ಕಥೆಯಾಗಿತ್ತು ಎಂಬುದು ಹಾಸ್ಯಲೇಖಕರ ಹೊಟ್ಟೆಯ ಮೇಲೆ ಹೊಡೆದಂತಹ ಸಂಗತಿ.

ಮಾವನ ಬದುಕಿನ ಅತ್ಯಂತ ಉದ್ವೇಗದ ದಿನಗಳು 2020ರ ಅಕ್ಟೋಬರ್ 23ರಿಂದ ನವೆಂಬರ್ 16ರವರೆಗಿನವು. ಅವರು ಬಳಸುತ್ತಿದ್ದ ‘ಯೂಟ್ಯೂಬ್-ಡಿಎಲ್’ 2006ರಲ್ಲಿ ಹುಟ್ಟಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ, ಉಚಿತ ತಂತ್ರಾಂಶ. ತಂತ್ರಾಂಶಗಳ ಮೂಲಬರಹವನ್ನು ಇಡುವ ‘ಗಿಟ್‌ಹಬ್’ ಎಂಬ ತಾಣಕ್ಕೆ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವಾದ ಆರ್‌ಐಎಎ ನೋಟಿಸು ಕೊಟ್ಟು, ಈ ತಂತ್ರಾಂಶವು ಯೂಟ್ಯೂಬಿನ ಬೀಗವನ್ನು ಮುರಿಯುತ್ತದೆ, ಅದರ ಪರೀಕ್ಷೆಗೆಂದು ಬರೆದ ಸಾಲುಗಳಲ್ಲಿಯೇ ಪ್ರಸಿದ್ಧ ಗಾಯಕರ ಹಾಡುಗಳ ವಿಳಾಸಗಳಿವೆ ಎಂದು ದೂರಿತು. ಗಿಟ್‌ಹಬ್ ಅದನ್ನು ಕೂಡಲೇ ತೆಗೆದುಹಾಕಿತು. ತೆಗೆದದ್ದೇ ತಡ, ನಕಲುಗಳು ನೂರಾರು ಕಡೆ ತಲೆಯೆತ್ತಿದವು. ಗಿಟ್‌ಹಬ್ ತನಗೆ ಬಂದ ಇಂಥ ನೋಟಿಸುಗಳನ್ನು ಪ್ರಕಟಿಸಲೆಂದು ಇಟ್ಟುಕೊಂಡಿರುವ ವಿಳಾಸದಲ್ಲಿಯೇ ಆ ತಂತ್ರಾಂಶ ಕಾಣಿಸುವಂತೆ ಒಬ್ಬ ಪುಣ್ಯಾತ್ಮ ಮಾಡಿದ. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆಯ ವಕೀಲರು, ಬ್ರೌಸರು ವಿಡಿಯೊ ತರಿಸಿಕೊಳ್ಳುವ ದಾರಿಯಲ್ಲಿಯೇ ಇದೂ ತರಿಸಿಕೊಳ್ಳುತ್ತದೆ, ಯಾವ ಬೀಗವನ್ನೂ ಮುರಿಯುವುದಿಲ್ಲ ಎಂದು ಪತ್ರ ಬರೆದ ಮೇಲೆ ಗಿಟ್‌ಹಬ್ ಅದನ್ನು ಮರಳಿ ಸ್ಥಾಪಿಸಿ, ಇಂಥ ನೋಟಿಸಿಗೆ ಸಿಕ್ಕಿಬೀಳುವ ತಂತ್ರಾಂಶಕಾರರ ನೆರವಿಗೆ ಹತ್ತು ಲಕ್ಷ ಡಾಲರಿನ ನಿಧಿಯನ್ನೂ ಪ್ರಕಟಿಸಿತು. ಅಂದು ಮಾವನ ಮನೆಯಲ್ಲಿ ಪಾಯಸವಾಯಿತು, ಯಾಕೆಂದು ಅತ್ತೆಗೆ ತಿಳಿಯಲಿಲ್ಲ. ಜಗಳ ಮುಗಿಯಿತೆಂದಲ್ಲ: ಯೂಟ್ಯೂಬು ತನ್ನ ಒಳವ್ಯವಸ್ಥೆಯನ್ನು ಆಗಾಗ ಬದಲಿಸುತ್ತದೆ, ಮಾವನ ಕಪ್ಪು ಪರದೆಯಲ್ಲಿ ಕೆಂಪಕ್ಷರದ ದೋಷಸೂಚನೆ ಬರುತ್ತದೆ, ಎಲ್ಲಿಯೋ ಕುಳಿತ ಸ್ವಯಂಸೇವಕರು ಹೊಸ ಆವೃತ್ತಿ ಹೊರತರುವ ತನಕ ಅವರು ಊಟ ಸೇರದೆ ಓಡಾಡುತ್ತಾರೆ.

ಭಾರತದ ಕಾನೂನನ್ನು ಮಾವ ಅರ್ಧ ಮಾತ್ರ ಓದಿಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಖಾಸಗಿ ಅಥವಾ ಸ್ವಂತ ಬಳಕೆಗಾಗಿ ಕೃತಿಯನ್ನು ನ್ಯಾಯವಾದ ಮಿತಿಯಲ್ಲಿ ಬಳಸಿಕೊಳ್ಳುವುದನ್ನು ಉಲ್ಲಂಘನೆಯಲ್ಲವೆನ್ನುತ್ತದೆ. ಇದು ಅವರಿಗೆ ಕಂಠಸ್ಥ. 2012ರ ತಿದ್ದುಪಡಿಯಿಂದ ಬಂದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಆ ಪುಟ ಅವರ ಪಿಡಿಎಫ್‌ನಲ್ಲಿ ತೆರೆಯುವುದಿಲ್ಲವಂತೆ. ನ್ಯಾಯವಾದ ಮಿತಿ ಎಲ್ಲಿ ಮುಗಿಯುತ್ತದೆಂದು ಕೇಳಿದರೆ, ಕುಟುಂಬದ ವಾಟ್ಸ್‌ಆ್ಯಪ್ ಗುಂಪು, ಬಡಾವಣೆಯ ನಡಿಗೆ ಗುಂಪು, ಬ್ಯಾಂಕಿನ ನಿವೃತ್ತರ ಗುಂಪು ಇವೆಲ್ಲವೂ ‘ಸ್ವಂತ ಬಳಕೆ’ಯೊಳಗೇ ಬರುತ್ತವೆ ಎಂಬುದು ಅವರ ವ್ಯಾಖ್ಯಾನ. ಇಡೀ ರಾತ್ರಿ ಕ್ಯಾಮೆರಾ ಹಿಡಿದು ಬಯಲಾಟವನ್ನು ಚಿತ್ರಿಸಿ, ಜಾಹೀರಾತಿನ ಪುಡಿಗಾಸನ್ನು ನಂಬಿ ಚಾನೆಲ್ ನಡೆಸುವ ಹುಡುಗನ ಹೆಸರು ಈ ಪಯಣದ ಎರಡನೆಯ ಫಾರ್ವರ್ಡಿನಲ್ಲೇ ಕಳಚಿ ಬೀಳುತ್ತದೆ. ವೇದಿಕೆಗಳ ವಾದದಲ್ಲಿ ಹುರುಳಿರುವ ಭಾಗವೇನಾದರೂ ಇದ್ದರೆ ಅದು ಇದೇ. ಆದರೆ ತಮ್ಮ ಸೊಸೆಯ ಹಾಡಿನ ವಿಡಿಯೊವನ್ನು ಬೇರಾರೋ ಹೆಸರಿಲ್ಲದೆ ಹಾಕಿಕೊಂಡಾಗ, ‘ಕಾಪಿರೈಟ್ ಅನ್ನೋದು ಒಂದು ಇಲ್ಲವೇ?’ ಎಂದು ಮೊದಲು ಗುಡುಗುವವರೂ ಮಾವನೇ.

ಇಷ್ಟೆಲ್ಲ ಇದ್ದೂ ಅವರ ಮೂಲ ಸಂಶಯ ಸರಿಯಾದದ್ದು. ಚಾನೆಲ್ ನಡೆಸುವವರು ಬೇಸತ್ತು ಖಾತೆ ಮುಚ್ಚುತ್ತಾರೆ, ಹಕ್ಕಿನ ತಕರಾರು ಬಂದು ವಿಡಿಯೊ ಮಾಯವಾಗುತ್ತದೆ, ‘ಈ ವಿಡಿಯೊ ಲಭ್ಯವಿಲ್ಲ’ ಎಂಬ ಬೂದುಬಣ್ಣದ ಚೌಕ ಮಾತ್ರ ಉಳಿಯುತ್ತದೆ. ತೀರಿಕೊಂಡ ಭಾಗವತರ ಕೊನೆಯ ಆಟವೋ, ಹಳೆಯ ಹರಿಕಥೆಯೋ ಆಗ ಸಿಗುವುದು ‘ಯಕ್ಷಗಾನ ಹೊಸದು ಫೈನಲ್’ ಎಂಬಲ್ಲಿ ಮಾತ್ರ. ಕನ್ನಡದ ಇಂಥ ದಾಖಲೆಗಳನ್ನು ಕಾಯುವ ಹೊಣೆ ಲಾಭಕ್ಕಾಗಿ ನಡೆಯುವ ವೇದಿಕೆಯದಲ್ಲ, ಅದು ಹಾಗೆಂದು ಮಾತು ಕೊಟ್ಟೂ ಇಲ್ಲ. ಆದ್ದರಿಂದ ಇಂಥ ಮಾವನಿರುವ ಓದುಗರು ಅವರನ್ನು ಹಾಸ್ಯ ಮಾಡುವಾಗ ಸ್ವಲ್ಪ ಕೈ ಹಿಡಿದು ಮಾಡುವುದೊಳಿತು. ಬೇಕಾದ ವಿಡಿಯೊ ಅಂತರ್ಜಾಲದಿಂದ ಕಾಣೆಯಾದ ದಿನ ಖಾಲಿ ಪೆನ್‌ಡ್ರೈವ್ ಹಿಡಿದು, ಮಧ್ಯಾಹ್ನದ ಊಟಕ್ಕೆ ಬರುವುದಿಲ್ಲವೆಂದು ಮನೆಯಲ್ಲಿ ಹೇಳಿ, ಅವರಲ್ಲಿಗೆ ಹೊರಡಿ: ಫೈಲು ಅವರ ಹತ್ತಿರ ಇರುವುದು ಖಂಡಿತ, ಯಾವ ಡಿಸ್ಕಿನಲ್ಲಿ ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ.